ಶಿರಸಿಯಲ್ಲಿ ಅಡಿಕೆ ವ್ಯಾಪಾರಕ್ಕೆ ಬಂಡವಾಳ ಇದ್ದರೆ ಸಾಕೇ, ನಡತೆಯೂ ಲೆಕ್ಕಕ್ಕೆ ಬರುತ್ತದೆಯೇ?

ಚಾಲಿ ಅಡಿಕೆ (ಸಿಪ್ಪೆ ಸಮೇತ ಬಿಸಿಲಿಗೆ ಒಣಗಿಸಿ ಸುಲಿದದ್ದು), ಕಾಳುಮೆಣಸು ಕೊಂಡು ಮಾರುವ ವ್ಯಾಪಾರ ಶುರು ಮಾಡಬೇಕೆಂದಿದ್ದೀರಿ, ಹಣದ ವ್ಯವಸ್ಥೆ ಆಗಿದೆ, ಆದರೆ ‘ಪ್ರಾಮಾಣಿಕತೆ ಅನ್ನುವುದು ಬರೀ ಭಾಷಣದ ಮಾತೋ, ಪೇಟೆಯಲ್ಲಿ ಅದಕ್ಕೆ ಬೆಲೆ ಇದೆಯೋ’ ಎಂದು ಕೇಳಿದ್ದೀರಿ. ಬೆಲೆ ಇದೆ, ಅದೂ ಗ್ರಾಂ ಲೆಕ್ಕದಲ್ಲಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಬೇರೆ ಊರಿನವರಿಗೆ ಉಪಮೆ ಇರಬಹುದು, ಘಟ್ಟದ ಮೇಲೆ ಅದು ನೇರ ಅಡಿಕೆಯದೇ ಮಾತು.

ನೀವು ಇಳಿಯುತ್ತಿರುವ ಪೇಟೆ ಎಂಥದ್ದು ನೋಡಿ. ಶಿರಸಿಯ ಟಿಎಸ್‌ಎಸ್ (ತೋಟಗಾರರ ಸಹಕಾರಿ ಮಾರಾಟ ಸಂಘ) ಹುಟ್ಟಿದ್ದು 1923ರಲ್ಲಿ. ಇಲ್ಲಿನ ಬೆಳೆಗಾರ ಸಹಕಾರಿ ಸಂಘಕ್ಕೆ ಮಾಲು ಹಾಕಿ, ಟೆಂಡರಿನಲ್ಲಿ ವ್ಯಾಪಾರಿಗಳು ಬರೆದ ದರ ನೋಡಿ, ಒಪ್ಪಿಗೆಯಾದರೆ ಕೊಟ್ಟು ಇಲ್ಲದಿದ್ದರೆ ಇಟ್ಟುಕೊಂಡು ಅಭ್ಯಾಸವಾದವನು. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕಾ, ಹೀಗೆ ಅಡಿಕೆಯ ಪ್ರತಿಯೊಂದು ಬಗೆಯ ದರವೂ ಅವನ ಮೊಬೈಲಿನಲ್ಲಿರುತ್ತದೆ. ಅಂಥವನು ಖಾಸಗಿ ವ್ಯಾಪಾರಿಗೆ ಕೊಡುವುದು ಮನೆ ಬಾಗಿಲಿಗೆ ಬಂದು ಒಯ್ಯುತ್ತಾರೆ, ದುಡ್ಡು ತಕ್ಷಣ ಸಿಗುತ್ತದೆ, ಮಳೆಗಾಲಕ್ಕೆ ಮುಂಗಡ ಸಿಗುತ್ತದೆ ಎಂದು. ಮೂರಕ್ಕೂ ನಂಬಿಕೆಯೇ ಬುಡ. ಮನೆಯಂಗಳದ ತೂಕವನ್ನು ಮೂರನೆಯವರು ಯಾರೂ ನೋಡುತ್ತಿರುವುದಿಲ್ಲ.

ಹಾಗಾಗಿ ತಕ್ಕಡಿಯಿಂದಲೇ ಶುರು ಮಾಡಿ. ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ವರ್ಷಕ್ಕೊಮ್ಮೆ ಆಗಬೇಕು. ಅದು ಕಾಯ್ದೆಯ ಕೆಲಸ, ಅಷ್ಟೇ ಸಾಲದು. ಮುದ್ರೆಯಾದ 20 ಕಿಲೋ ಕಬ್ಬಿಣದ ತೂಕದ ಕಲ್ಲೊಂದನ್ನು ಗಾಡಿಯಲ್ಲಿ ಸದಾ ಇಟ್ಟುಕೊಳ್ಳಿ. ಅಂಗಳದಲ್ಲಿ ತಕ್ಕಡಿಯನ್ನು ಮಟ್ಟಸವಾಗಿ ಇಟ್ಟು, ಹತ್ತು ನಿಮಿಷ ಚಾಲೂ ಬಿಟ್ಟು, ಆ ಕಲ್ಲನ್ನು ನಡುವೆ ಒಮ್ಮೆ, ನಾಲ್ಕು ಮೂಲೆಗೆ ಒಂದೊಂದು ಸಲ ಇಟ್ಟು ಬೆಳೆಗಾರನಿಗೆ ತೋರಿಸಿ. ಮೂಲೆಯಿಂದ ಮೂಲೆಗೆ ತೂಕ ಬೇರೆಯಾದರೆ ಒಳಗೆ ಭಾರ ಅಳೆಯುವ ಲೋಡ್‌ಸೆಲ್ ಕೆಟ್ಟಿದೆ ಅಥವಾ ಅಡಿಯಲ್ಲಿ ಕಲ್ಲು, ಮಣ್ಣು ಸಿಕ್ಕಿದೆ. ಅವತ್ತು ತೂಗಬೇಡಿ. ಚೀಲಕ್ಕೆ 100 ಗ್ರಾಂ ಕಡಿಮೆ ತೋರಿದರೆ, ಕಿಲೋಗೆ 400 ರೂಪಾಯಿ ಹಿಡಿದರೂ ಹತ್ತು ಚೀಲಕ್ಕೆ 400 ರೂಪಾಯಿ. ನಿಮಗೆ ಒಂದು ದಿನದ ಡೀಸೆಲ್ ಖರ್ಚು ಹುಟ್ಟಬಹುದು, ಆದರೆ ಅದೇ ಬೆಳೆಗಾರ ಉಳಿದ ಮಾಲನ್ನು ಸಂಘದಲ್ಲಿ ತೂಗಿಸಿದ ದಿನ ಇಡೀ ಕೇರಿಗೆ ಸುದ್ದಿ.

ಖಾಲಿ ಗೋಣಿಯ ತೂಕವೂ ಜಗಳದ ಮೂಲ. ಸೆಣಬು ಗಾಳಿಯ ತೇವ ಎಳೆಯುತ್ತದೆ, ಆಷಾಢದ ಗೋಣಿ ಮಾಘದ ಗೋಣಿಗಿಂತ ಭಾರ. ‘ಚೀಲಕ್ಕೆ ಒಂದು ಕಿಲೋ ಕಳೆಯುವುದು ರೂಢಿ’ ಎನ್ನುವ ಬದಲು ಅವತ್ತಿನ ಹತ್ತು ಖಾಲಿ ಚೀಲ ಒಟ್ಟಿಗೆ ತೂಗಿ, ಹತ್ತರಿಂದ ಭಾಗಿಸಿ ಅಷ್ಟೇ ಕಳೆಯಿರಿ. ಸ್ಯಾಂಪಲ್ ಎಂದು ಚೀಲಕ್ಕೆರಡು ಬೊಗಸೆ ಎತ್ತಿಕೊಂಡು ಹೋಗುವ ಚಟವೂ ಬೇಡ, ನೋಡಿದ ಮೇಲೆ ಅದನ್ನು ತೂಕಕ್ಕೇ ಹಾಕಿ.

ಹೊಸಬರು ಅಡ್ಡದಾರಿ ಹಿಡಿಯುವುದು ದುರಾಸೆಯಿಂದಲೇ ಎಂದು ನನಗೆ ಅನ್ನಿಸುವುದಿಲ್ಲ. ಬಹಳ ಸಲ ಒಣಗುವಿಕೆಯ ಲೆಕ್ಕ ಗೊತ್ತಿರುವುದಿಲ್ಲ. ಶೇ. 12 ತೇವಾಂಶದ 1,000 ಕಿಲೋ ಚಾಲಿ ಕೊಂಡಿರಿ ಎನ್ನಿ. ಅದರಲ್ಲಿ ಒಣ ಭಾಗ 880 ಕಿಲೋ. ಗೋದಾಮಿನಲ್ಲಿ ಶೇ. 9ಕ್ಕೆ ಇಳಿದರೆ 880ನ್ನು 0.91ರಿಂದ ಭಾಗಿಸಿ, ಸುಮಾರು 967 ಕಿಲೋ ಉಳಿಯುತ್ತದೆ. ಯಾರೂ ಕದಿಯದೆ 33 ಕಿಲೋ ಹೋಯಿತು. ಈ ನಷ್ಟ ತುಂಬಲು ಮುಂದಿನ ಮನೆಯಲ್ಲಿ ತಕ್ಕಡಿಗೆ ಕೈ ಹಾಕುವುದು, ಅಲ್ಲಿಂದ ಜಾರುವುದು. ನಷ್ಟವನ್ನು ತೂಕದಲ್ಲಿ ಕಳೆಯಬೇಡಿ, ದರದಲ್ಲಿ ಕಳೆಯಿರಿ: ‘ಹೆಗಡೇರೆ, ಮಾಲು ಇನ್ನೂ ನಾಲ್ಕು ಬಿಸಿಲು ಕಾಣ್ಬೇಕು, ಹೀಗೇ ಕೊಟ್ರೆ ಕ್ವಿಂಟಲಿಗೆ ಇಷ್ಟು ಕಡಿಮೆ’ ಎಂದು ಮುಖಕ್ಕೆ ಹೇಳಿ. ಒಪ್ಪದಿದ್ದರೆ ಬೇಸರವಿಲ್ಲದೆ ಎದ್ದು ಬನ್ನಿ.

ಗುಣಮಟ್ಟ ಹೇಳುವಾಗಲೂ ಇದೇ ರೀತಿ. ಚೀಲದ ಮೇಲೆ, ನಡುವೆ, ಅಡಿಯಿಂದ ಸೇರಿಸಿ 100 ಅಡಿಕೆ ಎಣಿಸಿ, ಬೆಳೆಗಾರನ ಎದುರೇ ಅಡಕತ್ತರಿಯಲ್ಲಿ ಕತ್ತರಿಸಿ. ಒಳಗೆ ಕಪ್ಪಾದದ್ದು, ಟೊಳ್ಳು, ಬೂಸು ಹಿಡಿದದ್ದು, ಹುಳ ಕೊರೆದದ್ದು ಬೇರೆ ಬೇರೆ ಗುಡ್ಡೆ ಮಾಡಿ ಎಣಿಸಿ. ‘ಮಾಲು ಸರಿ ಇಲ್ಲ’ ಎಂದರೆ ವಾದ ಹುಟ್ಟುತ್ತದೆ, ‘ನೂರರಲ್ಲಿ ಏಳು ಟೊಳ್ಳು’ ಎಂದರೆ ವಾದಕ್ಕೆ ಜಾಗವಿಲ್ಲ. ಕಾಳುಮೆಣಸಿಗೆ ಒಂದು ಲೀಟರ್ ಅಳತೆಯ ಪಾತ್ರೆ ಇಟ್ಟುಕೊಳ್ಳಿ. ಲೀಟರಿಗೆ 550 ಗ್ರಾಂ ತೂಗಿದರೆ ಕಾಳು ಗಟ್ಟಿ, 500ಕ್ಕಿಂತ ಕೆಳಗಿಳಿದರೆ ಜೊಳ್ಳು ಹೆಚ್ಚು. ನೀರಿಗೆ ಹಾಕಿದರೆ ಪಪ್ಪಾಯ ಬೀಜ ತೇಲುತ್ತದೆ ಎನ್ನುವುದು ನಿಜ, ಆದರೆ ಜೊಳ್ಳು ಕಾಳೂ ತೇಲುತ್ತದೆ. ತೇಲಿದ್ದನ್ನು ಒಡೆದು, ಮೂಸಿ ನೋಡದೆ ಕಲಬೆರಕೆಯ ಆರೋಪ ಹೊರಿಸಬೇಡಿ.

ಮಾರುವ ಕಡೆಯಲ್ಲಿ ನಿಮ್ಮ ಪರೀಕ್ಷೆ ಬೇರೆ. ಸಿರ್ಸಿ ಸುಪಾರಿಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ, ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಎಂದರೆ ಹೊರಗೆ ಹೆಸರಿದೆ. ಹೊರಗಿನ ಅಗ್ಗದ ಮಾಲು ಬೆರೆಸಿ ಈ ಹೆಸರಿನಲ್ಲಿ ಕಳಿಸುವ ಆಸೆ ಬಂದೇ ಬರುತ್ತದೆ. ಬೇಯಿಸಿ ಒಣಗಿಸಿದ ಕೆಂಪಡಿಕೆಗೆ ಬಣ್ಣ ಹಾಕುವವರೂ ಇದ್ದಾರೆ. ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡುವುದುಂಟು, ಆದರೆ ಅಡಿಕೆ ಬೇಯಿಸಿದ ನೀರಿನ ಚೊಗರೂ ಸ್ವಲ್ಪ ಬಣ್ಣ ಬಿಡುತ್ತದೆ. ಸಂಶಯ ಬಂದರೆ ಪ್ರಯೋಗಾಲಯಕ್ಕೆ ಕಳಿಸಿ, ಇಲ್ಲವೆ ಆ ಮಾಲನ್ನೇ ಬಿಡಿ. ಹಾಗೆಯೇ, ಗಿರಾಕಿ ಕೇಳಿದರೆಂದು ಅಡಿಕೆ ಜಗಿಯುವುದು ಆರೋಗ್ಯಕ್ಕೆ ಒಳ್ಳೆಯದು ಎಂದು ಹೇಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಸೇರಿಸಿದೆ. ನಮ್ಮ ಊರಿನ ಬದುಕೇ ಅದರ ಮೇಲಿದ್ದರೂ ಇದು ಹೌದಾದ ಮಾತು.

ಮುಂಗಡದ ವಿಷಯ ಸ್ವಲ್ಪ ಸೂಕ್ಷ್ಮ. ಜೂನ್ ಬಂತೆಂದರೆ ತೋಟದವನಿಗೆ ಕೈ ಖಾಲಿ, ಖರ್ಚು ಸಾಲಾಗಿ ನಿಂತಿರುತ್ತದೆ: ಮಕ್ಕಳ ಶಾಲೆ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ (100 ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ), ಮರ ಹತ್ತುವವರ ಕೂಲಿ. ಆಗ 50,000 ಕೊಟ್ಟು ‘ಮಾಲು ನನಗೇ, ದರ ಇವತ್ತಿನದು’ ಎಂದು ಬರೆಸಿಕೊಳ್ಳುವುದು ಸುಲಭ. ಆ ಮನೆಗೆ ಎರಡನೆಯ ವರ್ಷ ಹೋಗುವುದು ಕಷ್ಟ. ಮುಂಗಡದ ಚೀಟಿಯಲ್ಲಿ ತಾರೀಕು, ಮೊತ್ತ, ಬಡ್ಡಿ ಇದೆಯೋ ಇಲ್ಲವೋ, ದರಕ್ಕೆ ‘ಮಾಲು ಕೊಟ್ಟ ದಿನದ ಟೆಂಡರ್ ಸರಾಸರಿ’, ಜೊತೆಗೆ ಕೊಳೆ ಬಂದು ಫಸಲು ಉದುರಿದರೆ ಬಾಕಿ ಮುಂದಿನ ಕೊಯ್ಲಿಗೆ ಹೋಗುತ್ತದೆಯೋ ಎಂಬುದು, ಇಷ್ಟೂ ಇರಲಿ. ಇದನ್ನು ಮಾತಾಡಬೇಕಾದ್ದು ಹಣ ಕೊಡುವಾಗ. ಅಡಿಕೆ ನೆಲಕ್ಕೆ ಬಿದ್ದ ಮೇಲೆ ಮಾತಾಡಿದರೆ ಇಬ್ಬರ ಬಾಯೂ ಕೆಡುತ್ತದೆ.

ಬೆಳಿಗ್ಗೆ ಫೋನಿನಲ್ಲಿ ಒಪ್ಪಿದ ದರ ಸಂಜೆಗೆ ಇಳಿದರೆ? ಒಪ್ಪಿದ್ದೇ ಕೊಡಬೇಕು. ಕೊಡಲು ಆಗುವಷ್ಟೇ ಒಪ್ಪಬೇಕು. 5 ಕ್ವಿಂಟಲ್ ಒಪ್ಪಿ ಕ್ವಿಂಟಲಿಗೆ 2,000 ಇಳಿದರೆ 10,000 ಕೈಯಿಂದ ಹೋಗುತ್ತದೆ, 50 ಕ್ವಿಂಟಲ್ ಒಪ್ಪಿದ್ದರೆ ಒಂದು ಲಕ್ಷ. ಮಾತಿಗೆ ತಪ್ಪುವವರಲ್ಲಿ ಹೆಚ್ಚಿನವರು ಮೊದಲು ಈ ಗುಣಾಕಾರಕ್ಕೆ ತಪ್ಪಿದವರು.

ಬಿಲ್ ಬಗ್ಗೆ ಚುಟುಕಾಗಿ: ಒಣಗಿದ ಅಡಿಕೆ, ಮೆಣಸು ಎರಡಕ್ಕೂ ಜಿಎಸ್‌ಟಿ ಶೇ. 5, ಮಾಲಿನ ಬೆಲೆ 50,000 ದಾಟಿದರೆ ಸಾಗಣೆಗೆ ಇ-ವೇ ಬಿಲ್ (ಮಾಲಿನ ಜೊತೆ ಇರಬೇಕಾದ ಆನ್‌ಲೈನ್ ಚೀಟಿ). ಕಿಲೋಗೆ 400ರಂತೆ 125 ಕಿಲೋಗೇ ಆ ಗಡಿ ಮುಟ್ಟುತ್ತದೆ, ಅಂದರೆ ಎರಡು ಚೀಲದ ಮಾತು. ತಿಂಗಳ ಲೆಕ್ಕದವರಾದರೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ನ್ನು ಮುಂದಿನ ತಿಂಗಳ 11ರೊಳಗೆ ತುಂಬಿ. ನೀವು ತಡ ಮಾಡಿದರೆ ನಿಮ್ಮಿಂದ ಕೊಂಡವನಿಗೆ ಆ ತಿಂಗಳ ತೆರಿಗೆ ಕ್ರೆಡಿಟ್ ಸಿಗುವುದಿಲ್ಲ, ಅವನು ಮತ್ತೆ ಫೋನ್ ಎತ್ತುವುದಿಲ್ಲ.

ಇಷ್ಟೆಲ್ಲ ಮಾಡಿದರೂ ತಪ್ಪಾಗುತ್ತದೆ. ರಾತ್ರಿ ಲೆಕ್ಕ ಹೊಂದಿಸುವಾಗ ಒಂದು ಚೀಲ ಬಿಟ್ಟುಹೋಗಿದ್ದು ಕಂಡರೆ ಆಗಲೇ ಫೋನ್ ಮಾಡಿ, ಹಣ ಹಾಕಿ. ಕಿರ್ದಿಯಲ್ಲಿ ಹಳೆಯ ಅಂಕಿಯನ್ನು ಅಳಿಸಬೇಡಿ, ಬಿಳಿ ಬಣ್ಣ ಬಳಿಯಬೇಡಿ. ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿ ಅಂಕಿ, ತಾರೀಕು, ನಿಮ್ಮ ಸಹಿ. ಮುಂದಿನ ಸಲ ಆ ಮನೆಗೆ ಹೋದಾಗ ಆ ಪುಟ ತೆರೆದು ತೋರಿಸಿ, ಅವರ ಸಹಿಯನ್ನೂ ಅಲ್ಲೇ ಹಾಕಿಸಿಕೊಳ್ಳಿ.