ನೀವು ದಾಟಿಹೋದ ಆರು ತಿಂಗಳು

ನಮಸ್ಕಾರ.

ನಿಮ್ಮ ನೀಳ್ಗತೆ ಕೈ ಸೇರಿ ಒಂದು ತಿಂಗಳ ಮೇಲಾಯಿತು. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸುವುದಕ್ಕೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯ ಸಾಲಿನವರೆಗೆ ನಿಮ್ಮನ್ನು ಕಾಯಿಸುವುದು ಸರಿಯಲ್ಲ. ಆದರೆ ಎರಡು ಸಾಲು ಗೀಚಿ ವಾಪಸ್ ಕಳಿಸುವ ಕಥೆಯೂ ಇದಲ್ಲ. ಅದಕ್ಕೇ ಇಷ್ಟುದ್ದದ ಕಾಗದ.

ನಾನು ಓದಿಕೊಂಡಿದ್ದು ಸರಿಯಾ ನೋಡಿ. 2003ರ ಮಳೆಗಾಲ. ಕುದುರೆಮುಖದ ಟೌನ್‌ಶಿಪ್. ಗಿರಿಜಳಿಗೆ 24 ವರ್ಷ, ನಾಲ್ಕು ವರ್ಷದ ಮಗಳಿದ್ದಾಳೆ. ಗಣಿಯಲ್ಲಿ ಸುರಂಗ ಕುಸಿದು ಗಂಡ ಸಾಯುತ್ತಾನೆ. ಬಳೆ ಒಡೆಯುತ್ತಾರೆ. ಅತ್ತೆ ಶಾಪ ಹಾಕುತ್ತಾಳೆ. ಮ್ಯಾನೇಜರ್ ಮನೆಗೆ ಬಂದು ಐದು ಲಕ್ಷದ ಚೆಕ್ ಕೈಗಿಡುತ್ತಾರೆ. ಆಮೇಲೆ ಒಂದು ಸಾಲು: "ಆರು ತಿಂಗಳು ಕಳೆದವು, ಕಾಲ ಎಲ್ಲವನ್ನೂ ಮರೆಸುತ್ತದೆ." ಪುಟ ತಿರುಗಿಸಿದರೆ ಶಾಲೆ ಮೇಷ್ಟ್ರು ಬರುತ್ತಾರೆ. ಹೊರನಾಡಿನಲ್ಲಿ ಮದುವೆ. ಕಥೆ ಮುಗಿಯುತ್ತದೆ.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಜಾಗ ಒಂದೇ. ಐದನೇ ಪುಟದಲ್ಲಿ ನೀವು ಬರೆದಿದ್ದೀರಿ: "ಒಳಗೆ ಹಗ್ಗದ ಮೇಲೆ ಅವನ ಯೂನಿಫಾರ್ಮ್ ಶರ್ಟು ಇನ್ನೂ ಒಣಗಿರಲಿಲ್ಲ. ಅವನು ಹೋಗಿ ನಾಲ್ಕು ದಿನವಾಗಿತ್ತು." ಓದಿ ಕಾಗದ ಕೆಳಗಿಟ್ಟೆ. ವರ್ಷಕ್ಕೆ ಆರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ಅದು. ಅಲ್ಲಿ ಆಷಾಢದಲ್ಲಿ ಬಟ್ಟೆ ಒಣಗುವುದಿಲ್ಲ ಅನ್ನುವುದು ಗೊತ್ತಿದ್ದವರು ಮಾತ್ರ ಈ ಸಾಲು ಬರೆಯಬಲ್ಲರು. ನಿಮ್ಮ ಅಜ್ಜಿಮನೆ ಸಂಸೆಯಲ್ಲಿ ಅಂತ ಪತ್ರದಲ್ಲಿ ಹೇಳಿದ್ದೀರಲ್ಲ, ಈ ಸಾಲು ಅಲ್ಲಿಂದ ಬಂದಿದೆ. ಆದರೆ ಆ ಶರ್ಟನ್ನು ಹಗ್ಗದ ಮೇಲೇ ಬಿಟ್ಟು ನೀವು ಹೊರಟುಹೋದಿರಿ. ಆಮೇಲೆ ಅದು ಕಥೆಯಲ್ಲಿ ಎಲ್ಲೂ ಇಲ್ಲ.

ಉಳಿದ ಎಷ್ಟೋ ಸಂಗತಿಗಳು ಬೇರೆ ಕಡೆಯಿಂದ ಬಂದಿವೆ. ಸುರಂಗವನ್ನೇ ನೋಡಿ. ಕುದುರೆಮುಖದಲ್ಲಿ ಕೆಲಸಗಾರರು ತಲೆಗೆ ದೀಪ ಕಟ್ಟಿಕೊಂಡು ಭೂಮಿಯೊಳಗೆ ಇಳಿಯುತ್ತಿರಲಿಲ್ಲ. ಅದು ತೆರೆದ ಗಣಿ. ಗುಡ್ಡವನ್ನು ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಸಿಡಿಸಿ, ಅದಿರನ್ನು ಡಂಪರಿಗೆ ತುಂಬುತ್ತಿದ್ದರು. ಕಬ್ಬಿಣದ ಅಂಶ ಕಡಿಮೆ ಇದ್ದ ಅದಿರು ಅದು. ಪುಡಿ ಮಾಡಿ, ನೀರು ಬೆರೆಸಿ, ಅಯಸ್ಕಾಂತದಿಂದ ಕಬ್ಬಿಣ ಬೇರೆ ಮಾಡಿ, ಆ ರಾಡಿಯನ್ನು ಸುಮಾರು 67 ಕಿಲೋಮೀಟರ್ ಪೈಪಿನಲ್ಲಿ ಘಟ್ಟದ ಕೆಳಗೆ ಮಂಗಳೂರಿನ ಪಣಂಬೂರಿಗೆ ಹರಿಸುತ್ತಿದ್ದರು. ಉಳಿದ ಹೂಳು ಲಕ್ಯಾ ಅಣೆಕಟ್ಟಿನ ಹಿಂದೆ ಸೇರುತ್ತಿತ್ತು. ಹಾಗಾಗಿ ಸಾವು ಬರುವ ದಾರಿಯೂ ಬೇರೆ: ಮಳೆಗೆ ನೆನೆದ ಇಳಿಜಾರು, ಮಂಜಿನಲ್ಲಿ ಹಿಂದಕ್ಕೆ ಬರುವ ಡಂಪರ್, ಕನ್ವೇಯರ್ ಬೆಲ್ಟ್, ಕರೆಂಟು. ಗಂಡನ ತಾತನೂ ಅದೇ ಗಣಿಯಲ್ಲಿ ದುಡಿದವನು ಅಂತ ಬರೆದಿದ್ದೀರಿ. ಕಂಪನಿ ಶುರುವಾಗಿದ್ದೇ 1976ರಲ್ಲಿ. ಮೂರು ತಲೆಮಾರು, ಸುರಂಗ, ತಲೆಯ ದೀಪ, ಇವೆಲ್ಲ ಕೋಲಾರದ ಚಿನ್ನದ ಗಣಿಯವು. ಅಲ್ಲಿಯವರ ಕಷ್ಟವನ್ನು ತಂದು ಇಲ್ಲಿ ಕೂರಿಸಿದರೆ ಎರಡು ಊರಿಗೂ ಅನ್ಯಾಯ ಅಲ್ವಾ?

ಇದನ್ನೆಲ್ಲ ತಿದ್ದುವುದು ಸುಲಭ, ಒಂದು ದಿನದ ಕೆಲಸ. ನನಗೆ ನಿಜವಾಗಿ ನೋವಾಗಿದ್ದು ನೀವು ಆರಿಸಿಕೊಂಡ ವರ್ಷವನ್ನು ಕೈಬಿಟ್ಟಿದ್ದಕ್ಕೆ. 2003 ಅಂದರೆ ಸುಮ್ನೆ ಒಂದು ಇಸವಿಯಲ್ಲ. ಅದರ ಹಿಂದಿನ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದಿತ್ತು. 2005ರ ಕೊನೆಗೆ ಗಣಿಗಾರಿಕೆ ನಿಲ್ಲಬೇಕು ಅಂತ ಆಗಿತ್ತು. ಕಾಡು ಉಳಿಯಬೇಕು, ಭದ್ರಾ ನದಿ ಉಳಿಯಬೇಕು ಅಂತ ಹೋರಾಡಿದವರಿಗೆ ಅದು ಸಮಾಧಾನ ತಂದ ದಿನ. ಆ ತೀರ್ಪು ಸರಿ ಅಂತಲೇ ನಾನೂ ನಂಬಿದ್ದೇನೆ. ಆದರೆ ಟೌನ್‌ಶಿಪ್ ಇದ್ದ ಮಲ್ಲೇಶ್ವರದ ಕ್ವಾರ್ಟರ್ಸ್‌ಗಳಲ್ಲಿ ಅದೇ ದಿನದಿಂದ ಪ್ರತಿ ಮನೆಯಲ್ಲೂ ಒಂದೇ ಪ್ರಶ್ನೆ ಎದ್ದಿರುತ್ತದೆ. ಮುಂದೆಲ್ಲಿಗೆ? ಮಕ್ಕಳ ಶಾಲೆ ಎಲ್ಲಿ? ಮಂಗಳೂರಿಗೆ ಹಾಕುತ್ತಾರಾ, ಮನೆಗೆ ಕಳಿಸುತ್ತಾರಾ?

ಅಂಥ ಊರಿನಲ್ಲಿ ಗಿರಿಜಳ ಗಂಡ ಸಾಯುತ್ತಾನೆ. ಕ್ವಾರ್ಟರ್ಸ್ ಅವನ ಹೆಸರಿನದು. ಅವಳು ಬಿಡಬೇಕು. ಅಕ್ಕಪಕ್ಕದ ಹೆಂಗಸರು ಅವಳನ್ನು ನೋಡುವ ಕಣ್ಣಿನಲ್ಲಿ ಬರೀ ಮರುಕ ಇರುತ್ತದೆ ಅಂತ ನೀವು ಅಂದುಕೊಂಡಿದ್ದೀರಿ. ನನಗೆ ಹಾಗೆ ಅನ್ನಿಸುವುದಿಲ್ಲ. ಇನ್ನೆರಡು ವರ್ಷಕ್ಕೆ ತಾವೂ ಪಾತ್ರೆ ಪಗಡ ಕಟ್ಟಬೇಕು ಅನ್ನುವುದು ಅವರಿಗೆ ಗೊತ್ತು. ಇವಳು ಟ್ರಂಕಿಗೆ ಏನು ತುಂಬುತ್ತಾಳೆ, ಯಾವುದನ್ನು ಮಾರುತ್ತಾಳೆ ಅಂತ ಅವರು ನೋಡುತ್ತಿರುತ್ತಾರೆ. ಮೊದಲು ಮನೆ ಬಿಡುವವಳು ಅವಳು, ಅಷ್ಟೇ. ಅನುಕಂಪದ ಆಧಾರದ ಕೆಲಸ ಕೇಳೋಣ ಅಂದರೆ, ಮುಚ್ಚುವ ದಿನ ಗೊತ್ತುಮಾಡಿರುವ ಗಣಿಯಲ್ಲಿ ಯಾವ ಬಾಯಿಂದ ಕೇಳುವುದು? ಇಷ್ಟು ದೊಡ್ಡ ಇಕ್ಕಟ್ಟು ನಿಮ್ಮ ಕೈಯಲ್ಲೇ ಇತ್ತು. ತೀರ್ಪಿನ ಬಗ್ಗೆ ಕಥೆಯಲ್ಲಿ ಒಂದು ಮಾತೂ ಇಲ್ಲ.

ಇನ್ನು ಆ ಚೆಕ್ಕು. ಮ್ಯಾನೇಜರ್ ಮನೆಗೆ ಬಂದು ಪರಿಹಾರ ಕೈಗಿಡುವುದು ಸಿನಿಮಾದಲ್ಲಿ ಸರಿ. ಆಗ ಜಾರಿಯಲ್ಲಿದ್ದದ್ದು 1923ರ ಕಾರ್ಮಿಕರ ನಷ್ಟ ಪರಿಹಾರ ಕಾಯ್ದೆ. ಅದರ ಪ್ರಕಾರ ಕೆಲಸಗಾರ ಸತ್ತರೆ ಪರಿಹಾರದ ಹಣವನ್ನು ಮಾಲೀಕರು ಅದಕ್ಕೆಂದೇ ಸರ್ಕಾರ ನೇಮಿಸಿದ ಕಮಿಷನರ್ ಹತ್ತಿರ ಠೇವಣಿ ಇಡಬೇಕಿತ್ತು. ಅವಲಂಬಿತರು ಯಾರು, ಯಾರಿಗೆಷ್ಟು ಅಂತ ಅವರು ಹಂಚುತ್ತಿದ್ದರು. ಮುಂಗಡವಾಗಿ ಮೂರು ತಿಂಗಳ ಸಂಬಳದಷ್ಟನ್ನು ಮಾತ್ರ ನೇರವಾಗಿ ಕೊಡಬಹುದಿತ್ತು. ಇನ್ನೂ ಒಂದಿದೆ. ಹಣ ಹೆಂಗಸಿಗೆ ಸೇರಬೇಕಾಗಿದ್ದರೆ ಅದನ್ನು ಅವಳ ಒಳ್ಳೆಯದಕ್ಕಾಗಿ ಬೇರೆ ಕಡೆ ತೊಡಗಿಸಿಡುವ ಅಧಿಕಾರವನ್ನೂ ಆ ಕಾಯ್ದೆ ಕಮಿಷನರ್‌ಗೆ ಕೊಟ್ಟಿತ್ತು. ಅಪ್ರಾಪ್ತ ಮಕ್ಕಳ ಹಣಕ್ಕೆ ಇದ್ದ ನಿಯಮವೇ ಹೆಂಗಸಿಗೂ. 24 ವರ್ಷದ ಗಿರಿಜ, ಮನೆ ನಡೆಸಿದವಳು, ಗಂಡನ ಸಂಬಳದಲ್ಲಿ ತಿಂಗಳು ತೂಗಿಸಿದವಳು, ತನ್ನ ದುಡ್ಡು ತನ್ನ ಕೈಗೇ ಕೊಡಿ ಅಂತ ಅರ್ಜಿ ಬರೆಯಬೇಕು. ಆ ಅರ್ಜಿಯನ್ನು ಅವಳಿಗೆ ಯಾರು ಬರೆದುಕೊಡುತ್ತಾರೆ? ಅವಳೇ ಬರೆಯುತ್ತಾಳಾ? ನನಗೆ ಅದು ಬೇಕು. ನಿಮ್ಮ ಐದು ಲಕ್ಷದ ಚೆಕ್ಕಿಗಿಂತ ಆ ಒಂದು ಹಾಳೆಯಲ್ಲಿ ಜಾಸ್ತಿ ಕಥೆ ಇದೆ.

ಇಷ್ಟೆಲ್ಲ ಒತ್ತಿ ಹೇಳುವುದಕ್ಕೆ ಕಾರಣವಿದೆ. ನನ್ನ ಚಿಕ್ಕಮ್ಮನ ಮಗಳು ಹಾಸನದವಳು. ಅವಳ ಗಂಡ ಒಂದು ಕಾರ್ಖಾನೆಯಲ್ಲಿದ್ದ. ಅವನು ತೀರಿಕೊಂಡಾಗ ಅವಳಿಗೆ 26. ಪಿಎಫ್ ಕೆಲಸಕ್ಕೆ ಜೊತೆಯಲ್ಲಿ ಓಡಾಡಿದವನು ನಾನು. ಮರಣ ಪತ್ರ, ವಂಶವೃಕ್ಷ, ರೇಷನ್ ಕಾರ್ಡು, ಮದುವೆ ಫೋಟೋ ಎಲ್ಲವನ್ನೂ ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಎದೆಗೆ ಒತ್ತಿಕೊಂಡು ಬರುತ್ತಿದ್ದಳು. ಎರಡು ಸಲ ಫಾರಂ ವಾಪಸ್ ಬಂತು. ಸಹಿ ಒಂದೊಂದು ಕಡೆ ಒಂದೊಂದು ಥರ ಇದೆ ಅಂದರು. ಅವಳು ಓದಿದವಳೇ, ಎಸ್ಸೆಸ್ಸೆಲ್ಸಿ ಪಾಸು. ಆದರೆ ಮದುವೆಯಾದ ಮೇಲೆ ಅವಳ ಸಹಿಯನ್ನು ಯಾರೂ ಕೇಳಿರಲಿಲ್ಲ. ಅವತ್ತು ರಾತ್ರಿ ಮಗನ ಸ್ಲೇಟು ತೆಗೆದುಕೊಂಡು ಕೂತಳು. ಸಹಿ ಮಾಡುವುದು, ಒದ್ದೆ ಬಟ್ಟೆಯಲ್ಲಿ ಒರೆಸುವುದು, ಮತ್ತೆ ಮಾಡುವುದು. ಮಗ ಪಕ್ಕದಲ್ಲೇ ಮಲಗಿ ನೋಡುತ್ತಿದ್ದ. "ಅಮ್ಮ, ನಿಂಗೂ ಹೋಂವರ್ಕಾ?" ಅಂದ. ಅವಳು "ಹೂಂ ಕಣೋ" ಅಂದಳು, ಸ್ಲೇಟು ಕೆಳಗಿಡಲಿಲ್ಲ.

ಅವಳು ಅತ್ತಿದ್ದನ್ನೂ ನೋಡಿದ್ದೇನೆ. ಆದರೆ ನೆನಪಿನಲ್ಲಿ ನಿಂತಿದ್ದು ಆ ಸ್ಲೇಟು. ನಿಮ್ಮ ಗಿರಿಜ 22 ಪುಟದಲ್ಲಿ ಹನ್ನೊಂದು ಸಲ ಅಳುತ್ತಾಳೆ, ನಾನು ಎಣಿಸಿದೆ. ಒಂದೇ ಒಂದು ಸಲವೂ ಏನನ್ನೂ ಮಾಡುವುದಿಲ್ಲ. ಬೇರೆಯವರು ಅವಳ ಬಳೆ ಒಡೆಯುತ್ತಾರೆ, ಬೇರೆಯವರು ಬೈಯುತ್ತಾರೆ, ಬೇರೆಯವರು ದುಡ್ಡು ಕೊಡುತ್ತಾರೆ, ಬೇರೆಯವರು ತಾಳಿ ಕಟ್ಟುತ್ತಾರೆ. ಅವಳು ಬಾಳು ಕಟ್ಟಿಕೊಂಡಳು ಅಂತ ಕೊನೆಗೆ ಬರೆದಿದ್ದೀರಿ. ಯಾವಾಗ ಕಟ್ಟಿಕೊಂಡಳು? ನೀವು ಒಂದು ಸಾಲಿನಲ್ಲಿ ದಾಟಿಹೋದ ಆ ಆರು ತಿಂಗಳಲ್ಲಿ. ನಿಮ್ಮ ಕಥೆ ಅಲ್ಲಿದೆ.

ಅತ್ತೆಯ ವಿಷಯ. ಆ ಮುದುಕಿಯನ್ನು ನೀವು ಪೂರ್ತಿ ಕೆಟ್ಟವಳನ್ನಾಗಿ ಮಾಡಿದ್ದೀರಿ. ಅವಳ ಮಗ ಸತ್ತಿದ್ದಾನೆ ಅನ್ನುವುದು ನಿಮಗೆ ಮರೆತೇಹೋಗಿದೆ ಅನ್ನಿಸಿತು. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಸತ್ತವನ ಹೆಂಡತಿ, ಮಕ್ಕಳು, ತಾಯಿ ಎಲ್ಲರೂ ಮೊದಲ ದರ್ಜೆಯ ವಾರಸುದಾರರು. ಅಂದರೆ ಅವನು ಬಿಟ್ಟುಹೋದ ಆಸ್ತಿಯಲ್ಲಿ ಅತ್ತೆಗೂ ಸೊಸೆಗೂ ಸಮಪಾಲು. ಕಾಗದಕ್ಕೆ ಇಬ್ಬರೂ ಸಹಿ ಹಾಕಬೇಕು. ಆಗ ಕಳಸ ಇನ್ನೂ ತಾಲ್ಲೂಕಾಗಿರಲಿಲ್ಲ, ಮೂಡಿಗೆರೆಗೇ ಹೋಗಬೇಕಿತ್ತು. ಈ ಇಬ್ಬರನ್ನೂ ಬೆಳಿಗ್ಗೆಯ ಮೊದಲ ಬಸ್ಸಿಗೆ ಹತ್ತಿಸಿ. ಕುದುರೆಮುಖದಿಂದ ಕಳಸ, ಅಲ್ಲಿಂದ ಕೊಟ್ಟಿಗೆಹಾರದ ಮೇಲೆ ಮೂಡಿಗೆರೆ. ಇಬ್ಬರ ಮಧ್ಯೆ ಒಂದೇ ಕೊಡೆ. ತಿರುವಿನಲ್ಲಿ ಅತ್ತೆಗೆ ವಾಂತಿ ಬರುತ್ತದೆ, ಗಿರಿಜ ನಿಂಬೆಹಣ್ಣು ಹಿಡಿದು ಕೂತಿದ್ದಾಳೆ. ಸಾಹೇಬರು ಬಂದಿಲ್ಲ, ನಾಳೆ ಬನ್ನಿ ಅನ್ನುತ್ತಾರೆ. ವಾಪಸ್ ಬರುವಾಗ ಇಬ್ಬರೂ ಏನು ಮಾತಾಡುತ್ತಾರೆ? ಬೈದಾಡಿದರೆ ಬೈದಾಡಲಿ. ಆದರೆ ಆ ಬೈಗುಳ ನಿಮ್ಮ ಆರನೇ ಪುಟದಲ್ಲಿರುವ ಶಾಪದ ಹಾಗೆ ಇರುವುದಿಲ್ಲ, ನೋಡಿ ಬೇಕಾದರೆ.

ಬಳೆ ಒಡೆಯುವ ದೃಶ್ಯಕ್ಕೆ ಎರಡು ಪುಟ ಕೊಟ್ಟಿದ್ದೀರಿ, ಜೊತೆಗೆ ಬಿಳಿ ಸೀರೆ. ಎಲ್ಲಾ ಜಾತಿಯಲ್ಲೂ ಎಲ್ಲಾ ಮನೆಯಲ್ಲೂ ಒಂದೇ ಪದ್ಧತಿ ಇರುವುದಿಲ್ಲ. ಕಂಪನಿ ಟೌನ್‌ಶಿಪ್‌ನಲ್ಲಂತೂ ಒಂದು ಗೋಡೆಗೆ ಒಂದೊಂದು ಊರಿನವರು. ಗಿರಿಜ ಯಾವ ಮನೆಯವಳು ಅಂತ ನೀವು ಹೇಳಿಯೇ ಇಲ್ಲ. ಅದನ್ನು ತೆಗೆದು ಸಣ್ಣದೊಂದನ್ನು ಇಡಿ ಅಂತ ನನ್ನ ಆಸೆ. ದಿನಾ ಬಾಗಿಲಿಗೆ ಒಂದು ಮೊಳ ಹೂವು ಹಾಕಿಹೋಗುವವಳು ಇರುತ್ತಾಳಲ್ಲ, ತಿಂಗಳ ಕೊನೆಗೆ ಲೆಕ್ಕ. ಆ ತಿಂಗಳ ಲೆಕ್ಕ ಅರ್ಧಕ್ಕೆ ನಿಂತಿದೆ. ಹೂವಿನವಳು ಕೇಳುವುದಿಲ್ಲ, ಆ ಬಾಗಿಲಿನ ಮುಂದೆ ಬೇಗ ಬೇಗ ಹೆಜ್ಜೆ ಹಾಕುತ್ತಾಳೆ. ಒಂದು ದಿನ ಗಿರಿಜಳೇ ಅವಳನ್ನು ಕರೆದು ಚಿಲ್ಲರೆ ಎಣಿಸಿ ಕೊಡುತ್ತಾಳೆ. ಹದಿಮೂರು ದಿನದ್ದು. ಇದಕ್ಕೆ ಅರ್ಧ ಪುಟ ಸಾಕು.

ಮಾತಿನ ಬಗ್ಗೆಯೂ ಹೇಳಬೇಕು. "ನನ್ನ ಬಾಳ ದೀಪ ನಂದಿಹೋಯಿತು" ಅಂತ ಗಿರಿಜ ಪಕ್ಕದ ಮನೆಯವಳಿಗೆ ಹೇಳುತ್ತಾಳೆ. ಸಂಸೆ, ಕಳಸದ ಕಡೆ ಯಾರಾದರೂ ಹೀಗೆ ಮಾತಾಡುವುದನ್ನು ಕೇಳಿದ್ದೀರಾ? "ಎಂತ ಮಾಡೂದು ಮಾರಾಯ್ತಿ, ಮಗು ಹಾಲು ಕುಡೀಲಿಲ್ಲ ಇವತ್ತು" ಅನ್ನಬಹುದು. ದುಃಖದಲ್ಲಿರುವವರು ಜಾಸ್ತಿ ಮಾತಾಡುವುದು ಹಾಲು, ಗ್ಯಾಸು, ಬಸ್ಸಿನ ಬಗ್ಗೆಯೇ. ನಿಮ್ಮ ಅಜ್ಜಿಯ ಮಾತು ನಿಮ್ಮ ಕಿವಿಯಲ್ಲಿದೆ. ಅದನ್ನು ನಂಬಿ.

ಕೊನೆಗೆ ಮೇಷ್ಟ್ರು. ಮದುವೆ ಬೇಡ ಅನ್ನುವವನು ನಾನಲ್ಲ. 24 ವರ್ಷದವಳು ಮತ್ತೆ ಮದುವೆಯಾಗಲಿ, ಚೆನ್ನಾಗಿರಲಿ. ಆದರೆ ಅವರು ಬರುವುದು ಕಥೆ ಮುಗಿಸುವುದಕ್ಕೆ ಮಾತ್ರ. ಅವರಿಗೆ ಹೆಸರೂ ಇಲ್ಲ. ಅವಳು ಒಪ್ಪಿದ್ದು ಯಾಕೆ ಅಂತಲೂ ಇಲ್ಲ. ಇನ್ನೊಂದು ವಿಷಯ ನಿಮಗೆ ತಿಳಿದಿರಲಿ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ವಿಧವೆಗೆ ತಿಂಗಳ ಪಿಂಚಣಿ ಇದೆ, ಆದರೆ ಮರುಮದುವೆಯಾದರೆ ಅದು ನಿಲ್ಲುತ್ತದೆ. ಆ ಮೊತ್ತ ದೊಡ್ಡದೇನಲ್ಲ. ಆದರೂ ಅದು ಅವಳ ಸಹಿಗೆ ಬರುವ ದುಡ್ಡು. ಅದನ್ನು ಬಿಟ್ಟುಕೊಟ್ಟು ಇನ್ನೊಬ್ಬರ ಸಂಬಳದ ಮನೆಗೆ ಹೋಗಬೇಕಾ ಅಂತ ಅವಳು ಒಂದು ರಾತ್ರಿಯಾದರೂ ಯೋಚಿಸಬೇಡವೇ? ಯೋಚಿಸಿ ಹೂಂ ಅಂದರೆ ಆ ಮದುವೆಗೆ ನಾನೂ ಬರುತ್ತೇನೆ. ಬೇಡ ಅಂದು ಕಳಸದಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡರೂ ಸರಿ. ಮೇಷ್ಟ್ರು ಒಳ್ಳೆಯವರು ಅಂತ ಹೇಳಿ ನೀವೇ ಅವಳ ಪರವಾಗಿ ತೀರ್ಮಾನ ಮಾಡಬೇಡಿ.

ಅವಸರ ಇಲ್ಲ. ದೀಪಾವಳಿಯೊಳಗೆ ಅಂತ ಗಡುವು ಕೊಡುವುದೂ ಇಲ್ಲ. ಮಳೆ ಜೋರಾಗಿರುವಾಗಲೇ ಒಂದು ವಾರ ಸಂಸೆಗೆ ಹೋಗಿ ಕೂತು ಬನ್ನಿ. ಗಣಿಯಲ್ಲಿದ್ದವರ ಮನೆಯ ಹೆಂಗಸರು ಆ ಕಡೆ ಇನ್ನೂ ಇದ್ದಾರೆ, ಮಾತಾಡಿಸಿ. ಗಂಡಂದಿರ ಕೆಲಸದ ಬಗ್ಗೆ ಕೇಳಬೇಡಿ. ಕ್ವಾರ್ಟರ್ಸ್ ಬಿಡುವಾಗ ಯಾವ ಸಾಮಾನು ಬಿಟ್ಟು ಬಂದಿರಿ ಅಂತ ಕೇಳಿ.

ಆಮೇಲೆ ಐದನೇ ಪುಟದಿಂದ ಶುರು ಮಾಡಿ. ಹಗ್ಗದ ಮೇಲೆ ಶರ್ಟು ಇದೆ. ಅದು ಒಣಗಿದ ದಿನ ಗಿರಿಜ ಅದನ್ನು ಏನು ಮಾಡಿದಳು? ಅದನ್ನು ಬರೆದು ನನಗೆ ಕಳಿಸಿ.

ನಿಮ್ಮ,
ಸಂಪಾದಕ
ಚಿಕ್ಕಮಗಳೂರು