ಮುಟ್ಟಿಗೆ ಮೂರು ದಿನ ಮೊದಲೇ ಕಾಣುವ ಕಲೆ

ಸೋಮವಾರಪೇಟೆಯವರೇ, ಎಂಟು ತಿಂಗಳಿಂದ ಮಗುವಿಗೆ ಪ್ರಯತ್ನಿಸುತ್ತಿದ್ದೀರಿ. ಪ್ರತಿ ಸಲ ಮುಟ್ಟಿಗೆ ಮೂರು ದಿನ ಮೊದಲೇ ಕಂದು ಕಲೆ ಕಾಣುತ್ತದೆ, ಇದು ಗರ್ಭ ನಿಂತ ಗುರುತಾ ಅಂತ ಕೇಳಿದ್ದೀರಿ. ಆ ಕಲೆ ನೋಡಿ ಆಸೆಪಟ್ಟು, ಮತ್ತೆ ಅತ್ತವಳು ನಾನೂ.

ಅಂಡ ಬಿಡುಗಡೆಯಾಗಿ 6ರಿಂದ 12 ದಿನದೊಳಗೆ ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳುತ್ತದೆ. ಆಗ ಕೆಲವರಿಗೆ ಚೂರು ರಕ್ತ ಕಾಣಿಸಬಹುದು. ಆದರೆ ಬಣ್ಣ ನೋಡಿ ಏನೂ ಹೇಳಲಾಗದು. ಮುಟ್ಟಿನ ದಿನ ದಾಟಿದ ಮೇಲೆ ಬೆಳಗಿನ ಮೊದಲ ಮೂತ್ರದಲ್ಲಿ ಟೆಸ್ಟ್ ಮಾಡಿ, ಅದೊಂದೇ ದಾರಿ.

ನಿಮಗೆ ಪ್ರತಿ ತಿಂಗಳೂ ಹೀಗಾಗುತ್ತಿದೆ, ಅಲ್ವಾ? ಹಾಗಾದರೆ ಡಾಕ್ಟರಿಗೆ ತೋರಿಸಿ. ಗರ್ಭಕೋಶದ ಒಳಪದರ ಹಿಡಿದಿಡುವ ಪ್ರೊಜೆಸ್ಟರಾನ್ ಹಾರ್ಮೋನು ಬೇಗ ಇಳಿಯುವುದು, ಥೈರಾಯ್ಡ್ ತೊಂದರೆ, ಗರ್ಭಕೋಶದಲ್ಲಿ ಪಾಲಿಪ್ (ಚಿಕ್ಕ ಮಾಂಸದ ಬೆಳವಣಿಗೆ), ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವುದು), ಹೀಗೆ ಕಾರಣ ಹಲವು. ನನ್ನದು ಥೈರಾಯ್ಡ್. ಕಾಫಿ ಕೊಯ್ಲು ಮುಗಿಯಲಿ, ಮಳೆ ನಿಲ್ಲಲಿ ಅಂತ ಎರಡು ವರ್ಷ ಸುಮ್ನೆ ಮುಂದೂಡಿದೆ. ಈಗಲೂ ಅದೇ ಬೇಜಾರು. ನೀವು ಹಾಗೆ ಮಾಡಬೇಡಿ. ಕಲೆ ಕಂಡ ದಿನ, ಮುಟ್ಟು ಶುರುವಾದ ದಿನ ಎರಡನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಒಯ್ಯಿರಿ. ಡಾಕ್ಟರು ಮೊದಲು ಕೇಳುವುದೇ ಅದು. ವಯಸ್ಸು 35 ದಾಟಿದ್ದರೆ ಒಂದು ವರ್ಷ ಕಾಯಲೇಬೇಡಿ, ಆರು ತಿಂಗಳೇ ಸಾಕು. ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಈಗಲೇ ಶುರುಮಾಡಬಹುದು.

ಟೆಸ್ಟ್ ಪಾಸಿಟಿವ್ ಬಂದು, ಹೊಟ್ಟೆಯ ಒಂದೇ ಕಡೆ ಜಾಸ್ತಿ ನೋವು, ತಲೆಸುತ್ತು ಬಂದರೆ ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತಿರಬಹುದು. ರಾತ್ರಿಯಾದರೂ ಸರಿ, ಎಂಥ ಮಳೆಯಾದರೂ ಸರಿ, ಕೂಡಲೇ ಮಡಿಕೇರಿಯ ಆಸ್ಪತ್ರೆಗೆ ಹೊರಡಿ.