ಪ್ಯಾಂಕ್ರಿಯಾಸ್ ತೆಗೆದ ಮೇಲೆ ಇನ್ಸುಲಿನ್ ಬೇಕೇಬೇಕಾ?

ಪ್ರಶ್ನೆ: ನನ್ನ ತಮ್ಮನಿಗೆ 26 ವರ್ಷ. ಆರು ವರ್ಷದಿಂದ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಊತ. ನೋವು ಬಂದರೆ ಮೊಣಕಾಲನ್ನು ಎದೆಗೆ ಒತ್ತಿಕೊಂಡು ಮುದುಡಿ ಮಲಗುತ್ತಾನೆ. ಡಾಕ್ಟರು ಪ್ಯಾಂಕ್ರಿಯಾಸ್ ಪೂರ್ತಿ ತೆಗೆದು, ಅದರಲ್ಲಿ ಇನ್ಸುಲಿನ್ ತಯಾರಿಸುವ ಐಲೆಟ್ ಕೋಶಗಳನ್ನು ಲಿವರ್‌ಗೆ ಸೇರಿಸೋಣ ಅಂತಿದ್ದಾರೆ. ನೋವು ಹೋಗುತ್ತಾ? ಇನ್ಸುಲಿನ್ ಚುಚ್ಚಿಕೊಳ್ಳಬೇಕಾ?

ಉತ್ತರ: ಹಾಗೆ ಮುದುಡಿ ಮಲಗಿದವರನ್ನು ನಾನು ತುಂಬಾ ನೋಡಿದ್ದೇನೆ. ಈ ಆಪರೇಷನ್ ಮಾಡುವುದೇ ಆ ನೋವಿಗಾಗಿ. ಸಕ್ಕರೆಯ ಮಾತು ಆಮೇಲಿನದು. ಹೆಚ್ಚಿನವರಿಗೆ ನೋವು ಇಳಿಯುತ್ತದೆ, ಎಲ್ಲರಿಗೂ ಅಲ್ಲ. ವರ್ಷಗಟ್ಟಲೆ ಬಲವಾದ ನೋವಿನ ಮಾತ್ರೆ ತಿಂದಿದ್ದರೆ ಅದನ್ನು ಬಿಡಿಸಲು ತಿಂಗಳುಗಳೇ ಬೇಕು. ಆಗ ಅವನನ್ನು ಅವಸರ ಮಾಡಬೇಡಿ.

ಇನ್ನು ಇನ್ಸುಲಿನ್. ತೆಗೆದ ಪ್ಯಾಂಕ್ರಿಯಾಸನ್ನು ಲ್ಯಾಬಿನಲ್ಲಿ ಕರಗಿಸಿ ಐಲೆಟ್‌ಗಳನ್ನು ಬೇರೆ ಮಾಡುತ್ತಾರೆ. ಅವನ್ನು ಚೀಲದಲ್ಲಿ ತಂದು, ಲಿವರ್‌ಗೆ ಹೋಗುವ ದೊಡ್ಡ ರಕ್ತನಾಳಕ್ಕೆ ನಿಧಾನವಾಗಿ ಬಿಡುತ್ತಾರೆ. ಅವನದೇ ಕೋಶಗಳು, ಹಾಗಾಗಿ ದೇಹ ತಿರಸ್ಕರಿಸದಂತೆ ತಡೆಯುವ ಔಷಧಿ ಬೇಡ. ಅವು ಹೊಸ ಜಾಗದಲ್ಲಿ ಬೇರೂರುವ ತನಕ, ಮೊದಲ ಕೆಲವು ತಿಂಗಳು ಇನ್ಸುಲಿನ್ ಕೊಟ್ಟೇ ಕೊಡುತ್ತಾರೆ. ಅದನ್ನು ನೋಡಿ 'ಫೇಲ್ ಆಯ್ತು' ಅಂದುಕೊಳ್ಳಬೇಡಿ.

ಇದನ್ನು 1977ರಲ್ಲಿ ಮೊದಲು ಮಾಡಿದ್ದು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ. ಅಲ್ಲಿನವರು 409 ರೋಗಿಗಳ ಲೆಕ್ಕವನ್ನು 2012ರಲ್ಲಿ ಕೊಟ್ಟರು. ಮೂರು ವರ್ಷದ ಹೊತ್ತಿಗೆ ನೂರಕ್ಕೆ 30 ಮಂದಿಗೆ ಇನ್ಸುಲಿನ್ ಬೇಕಿರಲಿಲ್ಲ. ಇನ್ನು 33 ಮಂದಿಯಲ್ಲಿ ಐಲೆಟ್‌ಗಳು ಅರ್ಧಂಬರ್ಧ ಕೆಲಸ ಮಾಡುತ್ತಿದ್ದವು. ಈ ಅರ್ಧಂಬರ್ಧವನ್ನು ಕಡೆಗಣಿಸಬೇಡಿ. ಐಲೆಟ್ ಒಂದೂ ಇಲ್ಲದಿದ್ದರೆ ಸಕ್ಕರೆ ದಿಢೀರನೆ ಏರುತ್ತದೆ, ಇಳಿಯುತ್ತದೆ. ಸ್ವಲ್ಪ ಉಳಿದಿದ್ದರೂ ಆ ಏರಿಳಿತ ಕಡಿಮೆ.

ಎಲ್ಲಾ ನಿಂತಿರುವುದು ಎಷ್ಟು ಐಲೆಟ್ ಸಿಕ್ಕಿತು ಅನ್ನುವುದರ ಮೇಲೆ. ದೇಹದ ತೂಕದ ಒಂದೊಂದು ಕೆಜಿಗೆ 5000ಕ್ಕಿಂತ ಜಾಸ್ತಿ ಸಿಕ್ಕವರಲ್ಲಿ ನೂರಕ್ಕೆ 72 ಮಂದಿ ಇನ್ಸುಲಿನ್ ಬಿಟ್ಟಿದ್ದರು. 2500ಕ್ಕಿಂತ ಕಡಿಮೆ ಸಿಕ್ಕವರಲ್ಲಿ 12 ಮಂದಿ ಮಾತ್ರ. ಪ್ಯಾಂಕ್ರಿಯಾಸ್ ಒಣಗಿ ಗಟ್ಟಿಯಾದಷ್ಟೂ ಸಿಗುವುದು ಕಡಿಮೆ, ಅದಕ್ಕೇ ನಿರ್ಧಾರವನ್ನು ಸುಮ್ನೆ ವರ್ಷಗಟ್ಟಲೆ ಮುಂದೂಡಬಾರದು.

ಇನ್ಸುಲಿನ್ ಬೇಡವಾದರೂ ಜೀರ್ಣದ ಎನ್‌ಜೈಮ್ ಕ್ಯಾಪ್ಸೂಲ್ ಜೀವನಪೂರ್ತಿ ಬೇಕು. ಊಟ ಮುಗಿದ ಮೇಲಲ್ಲ, ಮೊದಲ ತುತ್ತಿನ ಜೊತೆಗೇ. ಸೋಂಕಿನ ವಿರುದ್ಧ ಹೋರಾಡುವ ಗುಲ್ಮವನ್ನೂ (ಸ್ಪ್ಲೀನ್) ತೆಗೆಯುವುದಿದ್ದರೆ ಲಸಿಕೆಗಳ ಬಗ್ಗೆ ಮೊದಲೇ ಕೇಳಿ. ಆಪರೇಷನ್ ಆದ ದಿನ ಇನ್ನೊಂದು ಮಾತು ಮರೆಯದೆ ಕೇಳಿ: 'ಕೆಜಿಗೆ ಎಷ್ಟು ಐಲೆಟ್ ಸಿಕ್ಕಿತು?' ಆ ಸಂಖ್ಯೆ ಅವನ ಫೈಲಿನಲ್ಲಿರಲಿ.